ಹೆಸರು ಪಟ್ಟಿಗೆ ಸೇರಲಿ, ಬೀಗದ ಕೈ ಸಂಘದಲ್ಲಿರಲಿ

(ಮಂಡೆಕೋಲು ಭಾಗದ ಸ್ವಸಹಾಯ ಸಂಘಗಳ ಸಭೆಯಲ್ಲಿ ನಮ್ಮ ಸಂಸ್ಥೆಯ ಕಾರ್ಯಕರ್ತರು ನೀಡಿದ ಮಾಹಿತಿಯ ಬರಹ ರೂಪ)



ಕಳೆದ ಸಭೆಯಲ್ಲಿ ಹಪ್ಪಳದ ಸಂಘದವರು ಒಂದು ಮಾತು ಹೇಳಿದ್ದರು. “ನಮಗೆ ವೆಬ್‌ಸೈಟ್ ಮಾಡಿಸಿ ಕೊಟ್ಟಿರಿ, ಫೋಟೋ ಹಾಕಿದಿರಿ, ಎಲ್ಲ ಚಂದ ಉಂಟು. ಆದರೆ ಒಂದು ವರ್ಷದಲ್ಲಿ ಅದನ್ನು ನೋಡಿ ಫೋನ್ ಮಾಡಿದವರು ಮೂರು ಜನ. ಅದರಲ್ಲಿ ಒಬ್ಬರು ನಮ್ಮ ಅಧ್ಯಕ್ಷೆಯ ತಮ್ಮ.” ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ವಾಪಸ್ ಹೋಗುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ವೆಬ್‌ಸೈಟ್ ಮಾಡಿಸುವುದೆಂದರೆ ತೋಟದೊಳಗೆ ಒಂದು ಅಂಗಡಿ ಕಟ್ಟಿದ ಹಾಗೆ. ಮುಖ್ಯರಸ್ತೆಯಲ್ಲಿ ಬಾಣದ ಗುರುತಿನ ಬೋರ್ಡು ಇಲ್ಲದಿದ್ದರೆ ಅಂಗಡಿ ಇರುವುದು ಯಾರಿಗೆ ಗೊತ್ತಾಗಬೇಕು? ಮಂಡೆಕೋಲಿನ ಬಾಳೆತೋಟ ಎಲ್ಲುಂಟು ಎಂದು ಕಾಡಾನೆಗೆ ಯಾರೂ ದಾರಿ ಹೇಳಬೇಕಾಗಿಲ್ಲ, ಅದು ರಾತ್ರಿಯೇ ಬಂದು ಹೋಗುತ್ತದೆ. ಗಿರಾಕಿಗೆ ಮಾತ್ರ ದಾರಿ ಹೇಳಲೇಬೇಕು.

ಆ ಬಾಣದ ಗುರುತಿನ ಕೆಲಸ ಮಾಡುವುದು ಡೈರೆಕ್ಟರಿ. ಯಾವ ಊರಿನಲ್ಲಿ, ಯಾವ ವ್ಯವಹಾರ, ಯಾರ ಹೆಸರು, ಯಾವ ಫೋನ್ ನಂಬರು, ಯಾವ ವೆಬ್‌ಸೈಟ್ ಎಂದು ವಿಷಯವಾರು ಜೋಡಿಸಿದ ಪಟ್ಟಿ. ಇದೇನೂ ಹೊಸ ಸಂಗತಿಯಲ್ಲ. 1878ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಮೊದಲ ಟೆಲಿಫೋನ್ ಡೈರೆಕ್ಟರಿ ಬಂತು. ಒಂದೇ ಹಾಳೆ, ಅದರಲ್ಲಿ 50 ಹೆಸರು. ನಂಬರುಗಳೇ ಇರಲಿಲ್ಲ, ಹೆಸರು ಹೇಳಿದರೆ ಎಕ್ಸ್‌ಚೇಂಜಿನವರು ಜೋಡಿಸಿ ಕೊಡುತ್ತಿದ್ದರು. ನಮ್ಮಲ್ಲೂ 08257 ಎಂದು ಶುರುವಾಗುವ ಸುಳ್ಯದ ನಂಬರುಗಳನ್ನು ಟೆಲಿಫೋನ್ ಪುಸ್ತಕದಲ್ಲಿ ಹುಡುಕಿದ ನೆನಪು ಹಿರಿಯರಿಗೆ ಇರಬಹುದು.

ಅಂತರ್ಜಾಲ ಬಂದ ಮೇಲೆ ಇದೇ ಕೆಲಸವನ್ನು ವೆಬ್‌ಸೈಟುಗಳಿಗಾಗಿ ಮಾಡಿದರು. 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ಎಂಬ ಇಬ್ಬರು ವಿದ್ಯಾರ್ಥಿಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕುಳಿತು ಮಾಡಿದ ಪಟ್ಟಿಯೇ ಮುಂದೆ ಯಾಹೂ ಆಯಿತು. ವ್ಯಾಪಾರದ ವೆಬ್‌ಸೈಟನ್ನು ಆ ಡೈರೆಕ್ಟರಿಗೆ ಸೇರಿಸಲು ಒಂದು ಕಾಲದಲ್ಲಿ ವರ್ಷಕ್ಕೆ 299 ಡಾಲರ್ ಕೊಡಬೇಕಿತ್ತು. ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರ ದಾಟುತ್ತಿತ್ತು. ಕೊಟ್ಟರೂ ಸೇರಿಸುತ್ತಾರೆ ಎಂಬ ಖಾತ್ರಿಯಿಲ್ಲ, ಪರಿಶೀಲನೆಗೆ ಮಾತ್ರ ಆ ಹಣ. ಇನ್ನೊಂದು ಕಡೆ 1998ರಲ್ಲಿ ಡಿಮೋಜ್ ಎಂಬ ಮುಕ್ತ ಡೈರೆಕ್ಟರಿ ಶುರುವಾಯಿತು. ಅಲ್ಲಿ ಹಣವಿಲ್ಲ, ಸಂಬಳವೂ ಇಲ್ಲ. ಸ್ವಯಂಸೇವಕ ಸಂಪಾದಕರು ಒಂದೊಂದು ವೆಬ್‌ಸೈಟನ್ನೂ ಕಣ್ಣಾರೆ ನೋಡಿ, ಸರಿಯಾದ ವಿಭಾಗಕ್ಕೆ ಹಾಕುತ್ತಿದ್ದರು. ಅರ್ಜಿ ಹಾಕಿದವರು ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಪುಕ್ಕಟೆ ಕೆಲಸ ಎಂದರೆ ಹಾಗೇ, ನಮ್ಮ ಶ್ರಮದಾನದ ರಸ್ತೆಯ ಹಾಗೆ. ಯಾಹೂ ಡೈರೆಕ್ಟರಿ 2014ರ ಕೊನೆಗೆ ಮುಚ್ಚಿತು, ಡಿಮೋಜ್ 2017ರ ಮಾರ್ಚಿನಲ್ಲಿ ನಿಂತಿತು. ಅದರ ಹಳೆಯ ಸಂಪಾದಕರು ಕೆಲವರು ಕರ್ಲಿ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು.

ಈ ಹಳೆಯ ಕಥೆ ಹೇಳಿದ್ದು ಒಂದು ಕಾರಣಕ್ಕೆ. ಡಿಮೋಜ್‌ನವರು ಅರ್ಜಿದಾರರಿಗೆ ಹಾಕಿದ್ದ ಶಿಸ್ತು ಇವತ್ತಿಗೂ ನಮಗೆ ಬೇಕು. ಒಂದೇ ವಿಭಾಗ ಆರಿಸಿ, ಅತಿ ಸೂಕ್ತವಾದದ್ದನ್ನು. ಪುನಃ ಪುನಃ ಅರ್ಜಿ ಹಾಕಬೇಡಿ. ಹೊಗಳಿಕೆ ಬೇಡ, ಇರುವುದನ್ನು ಬರೆಯಿರಿ. ನಮ್ಮ ಒಂದು ಸಂಘದವರು ಬರೆದುಕೊಂಡು ಬಂದ ವಿವರಣೆ ಹೀಗಿತ್ತು: “ಭಾರತದಲ್ಲೇ ನಂಬರ್ ಒನ್, ಅತ್ಯುತ್ತಮ ಗುಣಮಟ್ಟದ ಹಪ್ಪಳ.” ಭಾರತದಲ್ಲಿ ನಂಬರ್ ಒನ್ ಎಂದು ಯಾರು ಹೇಳಿದ್ದು ಎಂದು ಕೇಳಿದೆವು. “ತಿಂದವರೆಲ್ಲ ಹೇಳ್ತಾರೆ” ಅಂದರು. ತಿಂದವರು ಹೇಳಲಿ, ನಾವು ಹೇಳಬಾರದು. ಕೊನೆಗೆ ಕೂತು ಹೀಗೆ ಬರೆದೆವು: “ಸುಳ್ಯ ತಾಲೂಕಿನ ಮಂಡೆಕೋಲಿನಲ್ಲಿ ಮಹಿಳಾ ಸ್ವಸಹಾಯ ಸಂಘ ತಯಾರಿಸುವ ಹಲಸಿನಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್. ಹೊಸ ಹಪ್ಪಳ ಮಳೆಗಾಲಕ್ಕೆ ಮುಂಚೆ ಸಿಗುತ್ತದೆ. ಅಂಚೆಯಲ್ಲಿ ಕಳುಹಿಸುತ್ತೇವೆ.” ಇದರಲ್ಲಿ ಗಿರಾಕಿಗೆ ಬೇಕಾದ್ದೆಲ್ಲ ಬಂತು.

ಇದಕ್ಕೆ ಒಂದು ಸಾಲು ಸೇರಿಸಿದೆವು, ಅದು ಬಹಳ ಮುಖ್ಯ. ನಾವು ಪುನರ್ಪುಳಿ ಅನ್ನುತ್ತೇವೆ. ಮಲೆನಾಡಿನವರು ಮುರುಗಲು ಅನ್ನುತ್ತಾರೆ. ಬೆಂಗಳೂರಿನ ಅಂಗಡಿಯಲ್ಲಿ ಕೋಕಂ ಎಂದರೆ ಮಾತ್ರ ಗೊತ್ತು. ಹಲಸು ನಮ್ಮ ತುಳುವಿನಲ್ಲಿ ಪೆಲಕಾಯಿ, ಜಾಲ್ಸೂರಿನಿಂದ ಕಾಸರಗೋಡು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಅದೇ ಚಕ್ಕ. ಹುಡುಕುವವರು ತಮ್ಮ ಶಬ್ದದಲ್ಲಿ ಹುಡುಕುತ್ತಾರೆ, ನಮ್ಮ ಶಬ್ದದಲ್ಲಿ ಅಲ್ಲ. ಆದ್ದರಿಂದ ವಿವರಣೆಯಲ್ಲಿ ಈ ಹೆಸರುಗಳನ್ನೆಲ್ಲ ಒಮ್ಮೆ ಬರೆಯಿರಿ. ಸಂಘದ ಹೆಸರಿನ ಜಾಗದಲ್ಲಿ ಮಾತ್ರ ಬೇಡ. ಅಲ್ಲಿ ಬೋರ್ಡಿನಲ್ಲಿ ಏನು ಉಂಟೋ ಅಷ್ಟೇ. ಗೂಗಲ್‌ನ ನಿಯಮವೂ ಅದೇ. ಹೆಸರಿಗೆ ಹಪ್ಪಳ, ಬೆಸ್ಟ್, ಹೋಂಮೇಡ್ ಎಂದೆಲ್ಲ ಬಾಲ ಕಟ್ಟಿದರೆ ನಮೂದು ಅಮಾನತಾಗುವ ಸಂಭವ ಉಂಟು.

ಈಗ ಎಲ್ಲೆಲ್ಲಿ ಸೇರಿಸಬೇಕು ಎಂಬ ಪ್ರಶ್ನೆ. ನೂರು ಕಡೆ ಬೇಡ. “ಐನೂರು ಡೈರೆಕ್ಟರಿಗೆ ಒಂದೇ ದಿನ ಸೇರಿಸುತ್ತೇವೆ” ಎಂದು ಹೇಳುವವರು ಬರುತ್ತಾರೆ, ಅವರನ್ನು ಬಾಗಿಲಿನಿಂದಲೇ ಕಳುಹಿಸಿ. ಯಾರೂ ನೋಡದ ಐನೂರು ಪಟ್ಟಿಗಿಂತ ಜನ ನೋಡುವ ಎರಡು ಮೂರು ಸಾಕು. ಮೊದಲನೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂದು ಬಂದದ್ದು, 2021ರಲ್ಲಿ ಹೆಸರು ಬದಲಾಯಿತು. ನಕ್ಷೆಯಲ್ಲಿ ಕಾಣಿಸುವುದು ಇದರಿಂದ. ಸಗಟು ಖರೀದಿದಾರರು ಬೇಕಾದರೆ ಇಂಡಿಯಾಮಾರ್ಟ್, ಊರಿನ ಸೇವೆಗಳನ್ನು ಹುಡುಕುವವರಿಗೆ ಜಸ್ಟ್ ಡಯಲ್, ಎರಡೂ 1996ರಲ್ಲಿ ಶುರುವಾದವು. ಇವೆರಡರಲ್ಲೂ ಹಣವಿಲ್ಲದ ನಮೂದು ಉಂಟು, ಹಣ ಕೊಡುವ ಯೋಜನೆಯೂ ಉಂಟು. ಮೊದಲು ಹಣವಿಲ್ಲದ್ದನ್ನು ಮಾಡಿ ಆರು ತಿಂಗಳು ನೋಡಿ. ಎಷ್ಟು ಫೋನ್ ಬಂತು, ಎಷ್ಟು ಮಾಲು ಹೋಯಿತು ಎಂದು ಸಂಘದ ಪುಸ್ತಕದಲ್ಲೇ ಒಂದು ಪುಟ ಬಿಟ್ಟು ಬರೆದಿಡಿ. ಹಣ ಕೊಡುವ ಮಾತು ಅದರ ನಂತರ, ಅದೂ ಸಂಘದ ನಿರ್ಣಯವಾದ ಮೇಲೆ.

ಮೂರು ಕಡೆ ಸೇರಿಸಿದರೂ ಮೂರರಲ್ಲೂ ಒಂದೇ ಹೆಸರು, ಒಂದೇ ವಿಳಾಸ, ಒಂದೇ ನಂಬರು ಇರಬೇಕು. ಇದು ಸುಲಭ ಎಂದು ಕಾಣುತ್ತದೆ, ಆದರೆ ನಮ್ಮಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಂಡೆಕೋಲಿಗೆ ಕೊನೆಯಲ್ಲಿ ‘ಯು’ ಅಕ್ಷರ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಸುಳ್ಯಕ್ಕೆ ಎರಡು ‘ಎಲ್’ ಹಾಕಿ ‘ಐ’ ಬರೆಯುವುದು ರೂಢಿ, ಕೆಲವರು ಒಂದೇ ‘ಎಲ್’ ಹಾಕಿ ‘ವೈ’ ಬರೆಯುತ್ತಾರೆ. ಮಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಗಿದೆ, ಹಳೆಯದು ಇನ್ನೂ ಎಷ್ಟೋ ಕಡೆ ಉಂಟು. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರಿನ ಹಾಗೆ ಕಾಣಬಹುದು. ಹಾಗಾಗಿ ಒಂದು ಹಾಳೆಯಲ್ಲಿ ಸರಿಯಾದ ರೂಪವನ್ನು ಬರೆದು, ಪಿನ್ ಕೋಡನ್ನು ಅಂಚೆ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಂಡು, ಅದನ್ನೇ ಎಲ್ಲ ಕಡೆ ನಕಲು ಮಾಡಿ. ಊರಿನ ಪಟ್ಟಿಯಲ್ಲಿ ಮಂಡೆಕೋಲು ಸಿಗಲಿಲ್ಲ ಎಂದು ಒಬ್ಬರು ಮಂಗಳೂರು ಎಂದು ಒತ್ತಿದ್ದರು. ಮಂಗಳೂರಿನ ಗಿರಾಕಿ ಸಂಜೆ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದರಂತೆ! ಸುಳ್ಯ ಎಂದು ಹಾಕಿ, ನಕ್ಷೆಯ ಗುರುತನ್ನು ಕೈಯಲ್ಲಿ ಎಳೆದು ಸರಿಯಾದ ಜಾಗಕ್ಕೆ ತನ್ನಿ. ಗಡಿಯ ಊರು ನಮ್ಮದು, ಗುರುತು ಸ್ವಲ್ಪ ಆಚೆ ಸರಿದರೆ ಕೇರಳಕ್ಕೆ ಹೋಗಿರುತ್ತದೆ.

ಮನೆಯಲ್ಲೇ ತಯಾರಿಸುವ ಸಹೋದರಿಯರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನಿಮ್ಮ ಮನೆಯ ವಿಳಾಸವನ್ನು ಲೋಕಕ್ಕೆಲ್ಲ ತೋರಿಸಬೇಕೆಂದಿಲ್ಲ. ಗಿರಾಕಿ ಬರುವ ಅಂಗಡಿ ಇಲ್ಲದೆ, ನೀವೇ ಗಿರಾಕಿಯ ಹತ್ತಿರ ಮಾಲು ಮುಟ್ಟಿಸುವವರಾದರೆ, ಗೂಗಲ್‌ನಲ್ಲಿ ವಿಳಾಸ ಅಡಗಿಸಿ ಸೇವೆ ಕೊಡುವ ಪ್ರದೇಶವನ್ನು ಮಾತ್ರ ತೋರಿಸುವ ವ್ಯವಸ್ಥೆ ಉಂಟು. ಫೋನ್ ನಂಬರೂ ಹಾಗೇ. ಒಬ್ಬ ಸದಸ್ಯೆಯ ಸ್ವಂತ ನಂಬರು ಕೊಟ್ಟದ್ದಕ್ಕೆ ರಾತ್ರಿ ಹನ್ನೊಂದು ಗಂಟೆಗೆ ಯಾರ್ಯಾರೋ ಫೋನ್ ಮಾಡಿ, ಆ ಮನೆಯಲ್ಲಿ ಜಗಳವಾಗಿ, ಆಕೆ ಸಂಘವನ್ನೇ ಬಿಡುವ ಮಟ್ಟಕ್ಕೆ ಬಂದಿತ್ತು. ಹಪ್ಪಳ ಮಾರಲು ಹೋಗಿ ಮನೆಯ ನೆಮ್ಮದಿ ಹೋಗಬಾರದು. ಸಂಘದ ಹೆಸರಿಗೇ ಒಂದು ಸಿಮ್ ತೆಗೆದುಕೊಳ್ಳಿ, ಹಳೆಯ ಒಂದು ಫೋನಿಗೆ ಹಾಕಿ, ಕೆಲಸದ ಹೊತ್ತನ್ನು ನಮೂದಿನಲ್ಲೇ ಬರೆಯಿರಿ. ಹೊತ್ತು ಮುಗಿದ ಮೇಲೆ ಫೋನ್ ಆಫ್. ಕೆಲವು ಕಡೆ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡೆ ಹತ್ತಬೇಕು, ಅದು ಬೇರೆ ವಿಷಯ.

ಇನ್ನು ಹೇಳುವ ವಿಷಯ ಸ್ವಲ್ಪ ಬೇಸರದ್ದು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಹೇಳುವುದಿಲ್ಲ.

ಒಂದು ಸಂಘದ ನಮೂದು ಕಾಣಿಸಲು ಶುರುವಾಗಿ ಎರಡು ವಾರ ಆಗಿತ್ತಷ್ಟೆ. ಖಜಾಂಚಿಗೆ ಒಂದು ಫೋನ್ ಬಂತು. ಒಳ್ಳೆಯ ಕನ್ನಡದಲ್ಲೇ ಮಾತಾಡಿದರಂತೆ. “ನಾವು ಗೂಗಲ್ ಕಡೆಯಿಂದ. ನಿಮ್ಮ ಸಂಘದ ನಮೂದು ಇವತ್ತು ಸಂಜೆ ತೆಗೆದುಹಾಕಲ್ಪಡುತ್ತದೆ. ಉಳಿಸಬೇಕಾದರೆ ನವೀಕರಣ ಶುಲ್ಕ 2,950 ರೂಪಾಯಿ.” ಸಂಘದ ಹೆಸರು, ಊರು, ಹಪ್ಪಳದ ಫೋಟೋ ಎಲ್ಲ ಅವರಿಗೆ ಗೊತ್ತಿತ್ತು. ಗೊತ್ತಿರದೆ ಏನು, ನಾವೇ ಪಟ್ಟಿಯಲ್ಲಿ ಹಾಕಿದ್ದಲ್ಲವೇ? ಅಷ್ಟು ಕಷ್ಟಪಟ್ಟು ಮಾಡಿದ್ದು ತನ್ನಿಂದಾಗಿ ಹೋಯಿತು ಎಂದಾಗಬಾರದು ಎಂದು ಆಕೆ ಕಂಗಾಲಾಗಿ, ವಾರದ ಉಳಿತಾಯದ ಹಣದಿಂದ ಫೋನಿನಲ್ಲೇ ಕಳುಹಿಸಿಬಿಟ್ಟರು. ರಶೀದಿ ಬರುತ್ತದೆ ಅಂದರು, ಬರಲಿಲ್ಲ. ಪುನಃ ಫೋನ್ ಮಾಡಿದರೆ ಆ ನಂಬರು ಸ್ವಿಚ್ ಆಫ್.

ಆಕೆ ಯಾರಿಗೂ ಹೇಳಲಿಲ್ಲ. ಎರಡು ವಾರ ಸಭೆಗೆ ಬರಲಿಲ್ಲ, ಜ್ವರ ಅಂದರು. ಮನೆಯ ಕೋಳಿ ಮಾರಿ, ಅಡಿಕೆ ಸುಲಿದ ಕೂಲಿಯಿಂದ ಸ್ವಲ್ಪ ಸ್ವಲ್ಪ ತುಂಬಿಸಿ ಯಾರಿಗೂ ಗೊತ್ತಾಗದ ಹಾಗೆ ಸರಿಮಾಡುವ ಯೋಚನೆ ಅವರದ್ದು. ಪಾಸ್‌ಬುಕ್ ನೋಡುವಾಗ ನಮಗೆ ಗೊತ್ತಾಯಿತು. ಅಷ್ಟರಲ್ಲಿ ಹನ್ನೆರಡು ದಿನ ಕಳೆದಿತ್ತು. 1930 ನಂಬರಿಗೆ ದೂರು ಕೊಟ್ಟೆವು, ಆದರೆ ಹಣ ಸಿಗಲಿಲ್ಲ. ಇಂಥದ್ದರಲ್ಲಿ ಗಂಟೆಗಳ ಲೆಕ್ಕ. ಹಣ ಇನ್ನೊಂದು ಖಾತೆಗೆ ಹಾರುವ ಮೊದಲೇ ದೂರು ಹೋದರೆ ಬ್ಯಾಂಕಿನವರು ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ನಾಚಿಕೆಯಲ್ಲಿ ಕಳೆದ ಒಂದೊಂದು ದಿನವೂ ಮೋಸಗಾರನಿಗೆ ಲಾಭ.

ಇದರಲ್ಲಿ ತಪ್ಪು ನಮ್ಮದೂ ಉಂಟು. ಹಪ್ಪಳ ಒಣಗಿಸುವುದು, ಲೆಕ್ಕ ಬರೆಯುವುದು, ಲೇಬಲ್ ಅಂಟಿಸುವುದು, 14 ಅಂಕಿಯ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಹಾಕುವುದು ಎಲ್ಲ ಕಲಿಸಿದೆವು. ಪಟ್ಟಿಗೆ ಹೆಸರು ಸೇರಿದ ಕೂಡಲೇ ಕಳ್ಳರ ಕಣ್ಣಿಗೂ ಬೀಳುತ್ತೇವೆ ಎಂದು ಮಾತ್ರ ಹೇಳಿಕೊಡಲಿಲ್ಲ. ಸಂಘದವರು ಸೇರಿ ಏನು ನಿರ್ಣಯ ಮಾಡಿದರು ಗೊತ್ತುಂಟಾ? ಆ 2,950 ರೂಪಾಯಿಯನ್ನು ಸಂಘದ ನಷ್ಟ ಎಂದೇ ಪುಸ್ತಕದಲ್ಲಿ ಬರೆದರು. ಆಕೆ ತಂದಿಟ್ಟ 600 ರೂಪಾಯಿಯನ್ನು ಅವರ ಉಳಿತಾಯಕ್ಕೇ ಜಮಾ ಮಾಡಿದರು. ಆಕೆ ಈಗಲೂ ಖಜಾಂಚಿ.

ಆದ್ದರಿಂದ ಇದನ್ನು ಮನೆಯಲ್ಲಿ ಫೋನ್ ಹಿಡಿಯುವ ಎಲ್ಲರಿಗೂ ಹೇಳಿ: ಗೂಗಲ್‌ನಲ್ಲಿ ವ್ಯವಹಾರದ ನಮೂದಿಗೆ ಶುಲ್ಕವಿಲ್ಲ, ನವೀಕರಣಕ್ಕೂ ಇಲ್ಲ. ಫೋನಿನಲ್ಲಿ ಒಟಿಪಿ ಕೇಳಿದರೆ ಕೊಡಬೇಡಿ. ಕೊಟ್ಟರೆ ನಿಮ್ಮ ನಮೂದೇ ಅವರ ಕೈಗೆ ಹೋಗಬಹುದು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ 2020ರ ಜುಲೈಯಲ್ಲಿ ಬಂತಲ್ಲ, ಅದಕ್ಕೂ ಸರಕಾರ ಹಣ ತೆಗೆದುಕೊಳ್ಳುವುದಿಲ್ಲ. ಸರಕಾರದ್ದೇ ಎಂದು ಕಾಣುವ ಹಾಗೆ ವೆಬ್‌ಸೈಟ್ ಮಾಡಿ ಸಾವಿರಗಟ್ಟಲೆ ಕೀಳುವವರು ಇದ್ದಾರೆ.

ಇನ್ನೊಂದು ಸಂಗತಿ, ಬೀಗದ ಕೈಯದ್ದು. ನಮೂದು ಮಾಡಲು ಒಂದು ಇಮೇಲ್ ಖಾತೆ ಬೇಕು. ನಮ್ಮ ಸಂಘಗಳಲ್ಲಿ ಏನಾಗುತ್ತದೆ ಅಂದರೆ, ಯಾರದ್ದೋ ಮಗ ಅಥವಾ ಅಳಿಯ ಕಂಪ್ಯೂಟರ್ ಗೊತ್ತಿರುವವನು ಸಿಗುತ್ತಾನೆ, ಅವನ ಇಮೇಲಿನಲ್ಲೇ ಮಾಡಿಬಿಡುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಮಾಡುವುದು, ಬೇಡವೆನ್ನಲಿಕ್ಕೆ ಆಗುವುದಿಲ್ಲ. ಆಮೇಲೆ ಅವನು ಗಲ್ಫಿಗೋ ಬೆಂಗಳೂರಿಗೋ ಹೋಗುತ್ತಾನೆ. ಫೋನ್ ನಂಬರ್ ಬದಲಾಯಿಸಬೇಕು, ಮಳೆಗಾಲದಲ್ಲಿ ಮಾಲು ಇಲ್ಲ ಎಂದು ಬರೆಯಬೇಕು ಅಂದರೆ ಅವನಿಗೆ ಬಿಡುವಾಗಬೇಕು. ಸಂಘದ ಬ್ಯಾಂಕ್ ಖಾತೆಯನ್ನು ಯಾರದ್ದೋ ಅಳಿಯನ ಹೆಸರಿನಲ್ಲಿ ತೆರೆಯುತ್ತೀರಾ? ಇದೂ ಹಾಗೆಯೇ. ಸಂಘಕ್ಕೆ ಬೇರೆ ಇಮೇಲ್ ಖಾತೆ ಮಾಡಿ. ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ನಿರ್ಣಯ ಪುಸ್ತಕದ ಜೊತೆ ಕಪಾಟಿನಲ್ಲಿಡಿ. ಪದಾಧಿಕಾರಿಗಳು ಬದಲಾದ ದಿನ ಪಾಸ್‌ವರ್ಡೂ ಬದಲಾಗಲಿ. ಕಲಿತ ಹುಡುಗರಿಗೆ ನಿರ್ವಾಹಕರೆಂದು ಪ್ರವೇಶ ಕೊಡಬಹುದು, ಮಾಲೀಕತ್ವ ಸಂಘದಲ್ಲೇ ಇರಲಿ.

ವೆಬ್‌ಸೈಟಿನ ಹೆಸರೂ ಸಂಘದ ಕೈಯಲ್ಲೇ ಇರಬೇಕು. ಗೂಗಲ್‌ನ ನಮೂದಿನ ಜೊತೆಗೆ ಪುಕ್ಕಟೆ ಸಿಗುತ್ತಿದ್ದ ಪುಟ್ಟ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿದರು. ಅದನ್ನೇ ನಂಬಿ ಚೀಟಿಯಲ್ಲಿ, ಲೇಬಲ್ಲಿನಲ್ಲಿ ಅಚ್ಚು ಹಾಕಿಸಿದವರು ಪುನಃ ಅಚ್ಚು ಹಾಕಿಸಬೇಕಾಯಿತು. ಸ್ವಂತ ಹೆಸರು ತೆಗೆದುಕೊಂಡವರಿಗೂ ಒಂದು ಎಚ್ಚರಿಕೆ. ಅದರ ನವೀಕರಣದ ದಿನ ತಪ್ಪಿದರೆ ಆ ಹೆಸರನ್ನು ಬೇರೆಯವರು ಕೊಂಡುಕೊಳ್ಳಬಹುದು. ಆಮೇಲೆ ಡೈರೆಕ್ಟರಿಯಲ್ಲಿ ನಮ್ಮ ಹೆಸರು ಒತ್ತಿದವರು ಯಾವುದೋ ಜೂಜಿನ ಪುಟಕ್ಕೆ ಹೋಗಿ ಬೀಳುತ್ತಾರೆ. ಇಗರ್ಜಿಯ ಕ್ಯಾಲೆಂಡರಿನಲ್ಲಿ ಹಬ್ಬದ ದಿನ ಗುರುತು ಹಾಕುವ ಹಾಗೆ ಆ ದಿನವನ್ನೂ ಗುರುತು ಹಾಕಿಡಿ.

ಪರಿಶೀಲನೆಯ ಬಗ್ಗೆ ಎರಡು ಮಾತು. ಹಿಂದೆ ಗೂಗಲ್‌ನವರು ಅಂಚೆಯಲ್ಲಿ ಐದು ಅಂಕಿಯ ಸಂಕೇತವಿದ್ದ ಕಾರ್ಡ್ ಕಳುಹಿಸುತ್ತಿದ್ದರು. ನಮ್ಮ ಪೋಸ್ಟ್‌ಮ್ಯಾನ್ ಅದನ್ನು ಜಾಹೀರಾತು ಎಂದುಕೊಂಡದ್ದೂ ಉಂಟು. ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಕತ್ತರಿಸದೆ ಒಂದೇ ಉಸಿರಿಗೆ ತೆಗೆಯಬೇಕು. ರಸ್ತೆ ಅಥವಾ ಹತ್ತಿರದ ಗುರುತು, ಬೋರ್ಡು ಇದ್ದರೆ ಬೋರ್ಡು, ಹಪ್ಪಳ ಒತ್ತುವ ಯಂತ್ರ, ಒಳಗೆ ಇಟ್ಟ ಮಾಲು, ಬೀಗ ತೆಗೆಯುವುದು, ಹೀಗೆ ವ್ಯವಹಾರ ನಿಜವಾಗಿ ಉಂಟು, ನಡೆಸುವವರು ನೀವೇ ಎಂದು ಕಾಣಬೇಕು. ಸದಸ್ಯೆಯರ ಮುಖ ತೋರಿಸುವ ಅಗತ್ಯವಿಲ್ಲ, ಬ್ಯಾಂಕ್ ಪಾಸ್‌ಬುಕ್ಕನ್ನೂ ತೋರಿಸಬೇಡಿ. ಒಪ್ಪಿಗೆ ಬಂದ ಮೇಲೆ ಅಕ್ಕತಂಗಿಯರಿಂದೆಲ್ಲ ಐದು ನಕ್ಷತ್ರ ಹಾಕಿಸುವ ಉಪಾಯ ಕೆಲವರು ಹೇಳುತ್ತಾರೆ. ಬೇಡ. ಅದು ನಿಯಮಕ್ಕೂ ವಿರುದ್ಧ, ಸತ್ಯಕ್ಕೂ ವಿರುದ್ಧ. ಮಾಲು ಕೊಂಡವರ ಹತ್ತಿರ, ತಿಂದು ನೋಡಿ ಅನಿಸಿದ್ದನ್ನು ಬರೆಯಿರಿ ಎಂದು ಕೇಳಿದರೆ ಸಾಕು.

ಲೂಕನ ಶುಭಸಂದೇಶದ ಎರಡನೇ ಅಧ್ಯಾಯವನ್ನು ಪ್ರತಿ ಕ್ರಿಸ್ಮಸ್‌ಗೆ ಕೇಳುತ್ತೇವೆ. ಹೆಸರು ಬರೆಸಲೆಂದು ಜೋಸೆಫರು ತುಂಬು ಗರ್ಭಿಣಿಯನ್ನು ಕರೆದುಕೊಂಡು ಬೆತ್ಲೆಹೇಮಿಗೆ ನಡೆದರು. ನಿಮಗೆ ಅಷ್ಟು ದೂರ ನಡೆಯುವ ಕೆಲಸವಿಲ್ಲ, ಇಲ್ಲಿಯೇ ಕೂತು ಮಾಡಬಹುದು. ಮುಂದಿನ ತಿಂಗಳ ಸಭೆಗೆ ಸಂಘದ ಸಿಮ್ ಇರುವ ಫೋನ್, ಆಹಾರ ನೋಂದಣಿಯ ಪ್ರತಿ, ಹೆಸರು ವಿಳಾಸ ಬರೆದ ಆ ಒಂದು ಹಾಳೆ, ಹಗಲು ಬೆಳಕಿನಲ್ಲಿ ತೆಗೆದ ನಾಲ್ಕು ಫೋಟೋ ತನ್ನಿ. ಫೋಟೋದಲ್ಲಿ ಹಪ್ಪಳದ ಕಟ್ಟು ಸರಿಯಾಗಿ ಕಾಣಲಿ, ಹಿಂದೆ ಒಣಹಾಕಿದ ಬಟ್ಟೆ ಬೇಡ. ಇಬ್ಬರಿಬ್ಬರು ಬನ್ನಿ, ಒಬ್ಬರಾದರೂ ಯುವತಿಯರಿರಲಿ, ಕಲಿತು ಹೋಗಿ ಉಳಿದವರಿಗೆ ಹೇಳಿಕೊಡಲಿ.

ಹಪ್ಪಳದ ಸಂಘದವರ ಹಳೆಯ ನಮೂದು ಒಂದು ಇನ್ನೂ ದುಬೈಯಲ್ಲಿರುವ ಹುಡುಗನ ಇಮೇಲಿನಲ್ಲೇ ಉಂಟು. ಮಾಲೀಕತ್ವ ವರ್ಗಾಯಿಸಿ ಎಂದು ಗೂಗಲ್ ಮೂಲಕ ಕೋರಿಕೆ ಕಳುಹಿಸಿದ್ದೇವೆ, ಉತ್ತರಿಸಲು ಅವನಿಗೆ ಮೂರು ದಿನ ಸಮಯವಿರುತ್ತದೆ. ಅವನ ಅಮ್ಮ ಇಲ್ಲಿಯೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಇವತ್ತು ರಾತ್ರಿ ಫೋನ್ ಮಾಡುತ್ತೇನೆ ಅಂದಿದ್ದಾರೆ. ಈಗ ಚಾ ತಯಾರಾಗಿದೆ. ಪ್ರಶ್ನೆಗಳಿದ್ದವರು ಚಾ ಕುಡಿದು ಇಲ್ಲಿಯೇ ಉಳಿಯಿರಿ, ಐದೂಕಾಲರ ಬಸ್ಸಿಗೆ ಹೋಗುವವರು ಮೊದಲು ಕೇಳಿ.